ಸಾರಿ ಎಂಬ ಮಾತು

ಕಳೆದ ಭಾನುವಾರ ನಮ್ಮ ಮೊಮ್ಮಗನು ಓಡಿಬರುವ ರಭಸದಲ್ಲಿ ನೀರಿನ ಚೊಂಬನ್ನು ಒದ್ದು, ನಾನು ತೆರೆದಿಟ್ಟಿದ್ದ ಅಮರಕೋಶವನ್ನು ತೋಯಿಸಿಬಿಟ್ಟನು. “ಸಾರಿ ತಾತ” ಎಂದನು; ಎಂದವನು ನಿಲ್ಲಲಿಲ್ಲ. ಬಿಡಿಯಾದ ಹಾಳೆಗಳನ್ನು ಬಿಸಿಲಿಗೆ ಹರಡಿ ಕುಳಿತಿದ್ದಾಗ, ಮನೆಮನೆಯಲ್ಲಿಯೂ ದಿನಕ್ಕೆ ಹತ್ತಾರು ಬಾರಿ ಕೇಳಿಬರುವ ಈ ಮಾತನ್ನೇ ಈ ತಿಂಗಳು ವಾಚಕ ಮಹಾಶಯರ ಮುಂದಿಡೋಣವೆಂದು ತೋರಿತು.

ಇದು ಇಂಗ್ಲಿಷಿನ ಮನೆಯಲ್ಲಿಯೇ ಹುಟ್ಟಿದ ಶಬ್ದ. ಸಾವಿರ ವರ್ಷಗಳಿಗೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ನೋವು, ನೋವುಳ್ಳವನು ‘ಸಾರಿಗ್’. ನಮ್ಮಲ್ಲಿ ದುಃಖದಿಂದ ದುಃಖಿ ಎಂದಾದಂತೆಯೇ ಇದೂ ಆಯಿತು. ಗಂಟಲು ಕೆರೆತ ಬಂದಾಗ ಆಂಗ್ಲರು ಹೇಳುವ ‘ಸೋರ್’ ಎಂಬುದಕ್ಕೂ ಇದೇ ಮೂಲ. ಇದರ ಜ್ಞಾತಿಯಾದ ಜರ್ಮನ್ ಭಾಷೆಯ ‘ಜೇರ್’ ಎಂಬುದು ನೋವನ್ನು ಮರೆತು, ಈಗ ‘ಬಹಳ’ ಎಂಬ ಅರ್ಥದಲ್ಲಿ ಮಾತ್ರ ನಿಂತಿದೆ. ದುಃಖವಾಚಕವಾದ ‘ಸಾರೋ’ ಎಂಬ ಶಬ್ದದಿಂದಲೇ ‘ಸಾರಿ’ ಬಂದಿತೆಂದು ಹಲವರು ತಿಳಿದಿರುವರು. ಅದು ಸರಿಯಲ್ಲ. ಅದರ ಹಳೆಯ ರೂಪವು ‘ಸೊರ್ಗ್’. ಅದರ ವಂಶವೇ ಬೇರೆ. ಮುಖ ಹೋಲಿದ ಮಾತ್ರಕ್ಕೆ ಅಣ್ಣತಮ್ಮಂದಿರಾಗರಷ್ಟೆ.

ಈ ಮೂಲವನ್ನು ತಿಳಿದರೆ ಪ್ರಯೋಗಗಳೆಲ್ಲವೂ ತಿಳಿಯಾಗುವುವು. ಸತ್ತವರ ಮನೆಗೆ ಹೋದ ಆಂಗ್ಲನು ‘ಸಾರಿ’ ಎನ್ನುವನು. ಅಲ್ಲಿ ಅವನ ತಪ್ಪೇನೂ ಇಲ್ಲ. ಹೀನವಾದ, ಕನಿಕರ ಹುಟ್ಟಿಸುವ ಅವಸ್ಥೆಗೂ ಇದೇ ವಿಶೇಷಣವುಂಟು. ಹಾಗಾದರೆ ಅಪರಾಧವೆಂಬ ಅರ್ಥವು ಶಬ್ದದ ಹೊಟ್ಟೆಯೊಳಗಿಲ್ಲ. ‘ನನಗೆ ನೋವಾಗಿದೆ’ ಎಂಬಷ್ಟೇ ಅದರ ತಿರುಳು.

ನಮ್ಮ ‘ಕ್ಷಮಿಸು’ ಎಂಬುದರ ದಾರಿಯೇ ಬೇರೆ. ಸಂಸ್ಕೃತದ ಕ್ಷಮ್ ಧಾತುವಿಗೆ ಸಹನವೆಂದು ಅರ್ಥ. ಕ್ಷಮಾ ಎಂದರೆ ತಾಳ್ಮೆಯೂ ಹೌದು, ಭೂಮಿಯೂ ಹೌದು. ಎಲ್ಲವನ್ನೂ ಸಹಿಸುವುದರಿಂದಲೇ ಭೂಮಿಗೆ ಸರ್ವಂಸಹಾ ಎಂಬ ಹೆಸರು. ಆಂಗ್ಲನು ತನ್ನ ನೋವನ್ನು ಹೇಳಿಕೊಳ್ಳುವನು. ನಾವು ಎದುರಿನವನ ತಾಳ್ಮೆಯನ್ನು ಬೇಡುವೆವು. ಇನ್ನು ಅಚ್ಚಗನ್ನಡದ ‘ತಪ್ಪಾಯಿತು’ ತಪ್ಪನ್ನು ಹೆಸರಿಸುತ್ತದೆ. ಆದರೆ ಆ ವಾಕ್ಯದಲ್ಲಿ ತಪ್ಪು ತಾನಾಗಿಯೇ ಆಗುತ್ತದೆ, ಮಾಡಿದವನು ಕಾಣಿಸಿಕೊಳ್ಳುವುದಿಲ್ಲ! ‘ನಾನು ತಪ್ಪು ಮಾಡಿದೆನು’ ಎಂದಾಗ ಮಾತ್ರ ಕರ್ತೃಪದವು ಮುಂದೆ ಬಂದು ನಿಲ್ಲುವುದು.

ಈ ವ್ಯಾಕರಣವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಉಪಾಧ್ಯಾಯನಾಗಿದ್ದಾಗ ಒಮ್ಮೆ ಒಬ್ಬ ಹುಡುಗನ ಪ್ರಬಂಧವು ಅವನ ವಯಸ್ಸಿಗೆ ಮೀರಿ ಚೆನ್ನಾಗಿರಲು, ಕದ್ದು ಬರೆದನೆಂದು ಬಗೆದು ತರಗತಿಯೆದುರಿಗೆ ಬೆತ್ತದಿಂದ ಹೊಡೆದೆನು. ಅದು ಅವನದೇ ಬರೆಹವೆಂದು ಮರುದಿನ ತಿಳಿಯಿತು. ಜಗಲಿಯಲ್ಲಿ ಬೇರೆ ಯಾರೂ ಇಲ್ಲದ ಸಮಯ ನೋಡಿ “ಸಾರಿ ಕಣಯ್ಯಾ” ಎಂದೆನು. ಸಂಸ್ಕೃತ ಪಾಠ ಹೇಳುವ ಬಾಯಿಗೆ ಆ ಹೊತ್ತಿನಲ್ಲಿ ಸಂಸ್ಕೃತವೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಹುಡುಗನು ತಲೆಯಾಡಿಸಿ ಹೊರಟುಹೋದನು. ಅವಮಾನ ಮಾಡಿದ್ದು ಎಲ್ಲರೆದುರಿಗೆ, ಮಾತನಾಡಿದ್ದು ಏಕಾಂತದಲ್ಲಿ. ಬೈದದ್ದು ನಮ್ಮ ನುಡಿಯಲ್ಲಿ, ನುಣುಚಿಕೊಂಡದ್ದು ಪರರ ನುಡಿಯಲ್ಲಿ. ಅವನು ಅನಂತರ ನನಗೆ ಪ್ರಬಂಧ ಬರೆದುಕೊಟ್ಟನು. ಆದರೆ ಅಷ್ಟು ಚೆನ್ನಾಗಿ ಮತ್ತೆಂದೂ ಬರೆಯಲಿಲ್ಲ.

ದೋಷವು ಇಂಗ್ಲಿಷು ಮಾತಿನದಲ್ಲ. ನೋವಿದ್ದು ಹೇಳಿದರೆ ಅದೂ ಸಾರ್ಥಕವಾದ ಮಾತೇ. ನೋವಿಲ್ಲದೆ ಹೇಳಿದರೆ ಯಾವ ಭಾಷೆಯ ಮಾತಾದರೂ ಬರಿಯ ಸದ್ದು.

ಅಂದು ಸಂಜೆ ಮೊಮ್ಮಗನಿಗೆ ನಾನು ಧಾತುಪಾಠ ಹೇಳಲಿಲ್ಲ. ಒಣಗಿದ ಹಾಳೆಗಳನ್ನು ಜೋಡಿಸಲು ಕರೆದೆನು. ಪುಟಸಂಖ್ಯೆ ನೋಡಿ ಒಂದೊಂದನ್ನೇ ಎತ್ತಿಕೊಡುತ್ತಿದ್ದವನು, ಸುಕ್ಕಾದ ಒಂದು ಹಾಳೆಯನ್ನು ಅಂಗೈಯಿಂದ ಸವರುತ್ತ, “ನಾನೇ ಅಲ್ವಾ ತಾತ, ಚೊಂಬು ಒದ್ದಿದ್ದು” ಎಂದನು. ಕರ್ತೃಪದವು ತಾನಾಗಿಯೇ ಬಂದಿತ್ತು. ನಾನು ಮುಂದಿನ ಪುಟವನ್ನು ಕೇಳಿದೆನು.