ಪಿಜ್ಜಾ ಆರ್ಡರ್ ಇರಲಿ, ಬಾಣಲೆ ಮುಂದೆ ನಿಲ್ಲೋಣ

ಇಟಲಿ ಊಟ ಅಂದ ತಕ್ಷಣ ನಮ್ಮ ಕ್ಯಾಂಪಸ್‌ನಲ್ಲಿ ಬರೋ ಉತ್ತರ ಎರಡೇ: ಪಿಜ್ಜಾ, ಪಾಸ್ತಾ. ಎರಡೂ ಹೊರಗಿಂದ ತರಿಸೋವು, ಎರಡೂ ಜೇಬಿಗೆ ಕತ್ತರಿ ಹಾಕೋವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಂದಿರೋ ನಮ್ಮಂಥವರಿಗೆ ಇಟಲಿ ಅಡುಗೆಗೂ ನಮ್ಮನೆ ಒಲೆಗೂ ಎತ್ತಣ ಸಂಬಂಧ ಅನ್ನಿಸೋದು ಸಹಜ. ಆದರೆ ಆ ದೇಶದ ಮನೆಗಳಲ್ಲಿ ಎಣ್ಣೆಯಲ್ಲಿ ಕರಿಯೋ ತಿಂಡಿಗಳನ್ನು ಒಂದೊಂದಾಗಿ ನೋಡಿದರೆ ಅರ್ಧಕ್ಕರ್ಧ ಸಾಮಾನು ನಮ್ಮ ಡಬ್ಬಿಗಳಲ್ಲೇ ಇದೆ. ನಮ್ಮ ವಾದ ಇಷ್ಟೇ: ಈ ರಜೆಗೆ ಊರಿಗೆ ಹೋದಾಗ ಅವುಗಳಲ್ಲಿ ಒಂದನ್ನಾದರೂ ನಾವೇ ಕರಿಯೋಣ. ಆ ನೆಪದಲ್ಲಿ ಬಾಣಲೆ ಮುಂದೆ ನಿಲ್ಲೋದನ್ನು ಕಲಿಯೋಣ.

ಮೊದಲು ಪನೆಲ್ಲೆ. ಸಿಸಿಲಿ ದ್ವೀಪದ ಪಲೆರ್ಮೋ ಊರಿನ ಬೀದಿ ತಿಂಡಿ ಇದು. ಬೇಕಾಗೋದು ಕಡಲೆಹಿಟ್ಟು, ನೀರು, ಉಪ್ಪು, ಒಂದಿಷ್ಟು ಸೊಪ್ಪು. ಅವರು ಪಾರ್ಸ್ಲಿ ಹಾಕ್ತಾರೆ, ನಾವು ಕೊತ್ತಂಬರಿ ಹಾಕೋಣ. 250 ಗ್ರಾಂ ಹಿಟ್ಟಿಗೆ ಮುಕ್ಕಾಲು ಲೀಟರ್ ತಣ್ಣೀರು. ಗಂಟಿಲ್ಲದಂಗೆ ಕದಡಿ, ಒಲೆ ಮೇಲಿಟ್ಟು ತಿರುವುತ್ತಲೇ ಇರಬೇಕು. ಹದಿನೈದು ಇಪ್ಪತ್ತು ನಿಮಿಷಕ್ಕೆ ಗಟ್ಟಿಯಾಗಿ ಪಾತ್ರೆಯ ಅಂಚು ಬಿಡುತ್ತೆ. ಮುದ್ದೆ ತೊಳೆಸಿ ಗೊತ್ತಿದ್ದವರಿಗೆ ಇದು ಕೈಗೆ ಬಂದ ಕೆಲಸ. ಎಣ್ಣೆ ಸವರಿದ ತಟ್ಟೆಗೆ ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ, ಕರಿದು, ನಿಂಬೆರಸ ಹಿಂಡಿದರೆ ಮುಗೀತು. ಉತ್ತರ ಕರ್ನಾಟಕದ ಗೆಳೆಯರು ನೋಡಿದರೆ ‘ಇದು ನಮ್ಮ ಜುಣಕದ ವಡಿ ಅಲ್ಲೇನಪ್ಪಾ’ ಅನ್ನಬಹುದು. ಅವರ ಮಾತು ಸುಳ್ಳಲ್ಲ. ಪಲೆರ್ಮೋದಲ್ಲಿ ಇದನ್ನ ಬನ್ನಿನ ನಡುವೆ ಇಟ್ಟು ತಿಂತಾರೆ. ಬನ್ನು-ಬಜ್ಜಿ ತಿಂದವರಿಗೆ ಇದನ್ನೂ ಹೇಳಿಕೊಡಬೇಕಾಗಿಲ್ಲ.

ಭತ್ತದ ಸೀಮೆ ಕೆ.ಆರ್. ನಗರದವರಿಗೆ ಅರಂಚಿನಿ. ಹೆಸರಿನ ಅರ್ಥ ‘ಪುಟ್ಟ ಕಿತ್ತಳೆಗಳು’. ಜಿಗುಟು ಅನ್ನದ ಉಂಡೆಯೊಳಗೆ ಪಲ್ಯವನ್ನೋ ಚೀಸನ್ನೋ ಅಡಗಿಸಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯೋದು. ಮೊಟ್ಟೆ ಇಲ್ಲದೆ ಆಗಲ್ಲ ಅಂತ ಹಿಂಜರಿಯೋದು ಬೇಡ. ಸಿಸಿಲಿಯವರೇ ಮೈದಾ-ನೀರಿನ ಹಿಟ್ಟಿನಲ್ಲಿ ಅದ್ದಿ ಮಾಡ್ತಾರೆ. ರೋಮ್‌ನವರು ಕುಂಬಳದ ಹೂವನ್ನೂ ಹಿಟ್ಟಿನಲ್ಲಿ ಅದ್ದಿ ಕರೀತಾರೆ. ನಮ್ಮ ಹಿತ್ತಲ ಬಳ್ಳಿಯಲ್ಲಿ ಕಾಯಿ ಕಚ್ಚದ ಗಂಡು ಹೂವು ಬಾಡಿ ಉದುರಿಹೋಗುತ್ತಲ್ಲ, ಆ ಹೂವೇ.

ಇನ್ನು ಹಬ್ಬದ ತಿಂಡಿ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗೋ ಮೊದಲು ಇಟಲಿಯಲ್ಲಿ ಕಾರ್ನಿವಲ್ ಬರುತ್ತೆ. ಆಗ ಮನೆಮನೆಯಲ್ಲಿ ಮೈದಾ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಪಟ್ಟಿ ಕತ್ತರಿಸಿ, ಕರಿದು ಸಕ್ಕರೆಪುಡಿ ಉದುರಿಸ್ತಾರೆ. ಹೆಸರು ಕ್ಯಾಕ್ಕಿಯೆರೆ, ಅಂದ್ರೆ ‘ಹರಟೆ’. ಕೆಲವರು ಆ ಪಟ್ಟಿಯ ನಡುವೆ ಸೀಳಿ, ಒಂದು ತುದಿಯನ್ನು ಅದರೊಳಗೆ ತೂರಿಸಿ ಎಳೀತಾರೆ. ಇದೇ ಕೈಚಳಕ ನೋಡೋಕೆ ಇಟಲಿಗೇ ಹೋಗಬೇಕಿಲ್ಲ. 1960ರ ದಶಕದಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿರೋ ಟಿಬೆಟನ್ ಮನೆಗಳಲ್ಲಿ, ಹೊಸವರ್ಷದ ಲೋಸರ್ ಹಬ್ಬಕ್ಕೆ ಕರಿಯೋ ಖಪ್ಸೆಯಲ್ಲೂ ಹೀಗೆ ಸೀಳಿ ತಿರುಚಿದ ಆಕಾರ ಸಿಗುತ್ತೆ. ನಾವು ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಂಡು, ಮೋಮೋ ತಿಂದು ವಾಪಸ್ ಬರ್ತೀವಿ. ಪಕ್ಕದ ಮನೆಯ ಬಾಣಲೆ ಕಣ್ಣಿಗೆ ಬೀಳೋದೇ ಇಲ್ಲ. ನೇಪಲ್ಸ್‌ನವರು ಕ್ರಿಸ್‌ಮಸ್‌ಗೆ ಹಿಟ್ಟಿನ ಸಣ್ಣ ಗುಂಡು ಕರಿದು ಜೇನಲ್ಲಿ ಹೊರಳಿಸ್ತಾರೆ, ಅದು ಸ್ತ್ರುಫೊಲಿ. ಜೇನಿಗೆ ಎಚ್.ಡಿ. ಕೋಟೆ ಕಾಡು ಇದ್ದೇ ಇದೆ.

‘ಆಲಿವ್ ಎಣ್ಣೆ ಎಲ್ಲಿಂದ ತರೋದು?’ ಅಂತ ಕೇಳಬಹುದು. ಇಟಲಿಯ ಎಷ್ಟೋ ಮನೆಗಳಲ್ಲಿ ಕರಿಯೋಕೆ ಬಳಸೋದು ಕಡಲೆಕಾಯಿ ಎಣ್ಣೆಯನ್ನೇ.

ಸಾಮಾನು ಸಿಕ್ಕಿತು, ಕೊರತೆ ಇರೋದು ಹದದಲ್ಲಿ. ಇಟಲಿಯ ಮನೆ ಅಡುಗೆಗೆ ಅಡಿಪಾಯದಂತಿರೋ ಪುಸ್ತಕವನ್ನು ಪೆಲ್ಲೆಗ್ರಿನೊ ಅರ್ತೂಸಿ 1891ರಲ್ಲಿ ಪ್ರಕಟಿಸಿದ. ಅದರ ಹೆಸರಿನ ಮೊದಲ ಮಾತೇ ‘ಅಡುಗೆಮನೆಯಲ್ಲಿ ವಿಜ್ಞಾನ’. ಹೀಟ್ ಟ್ರಾನ್ಸ್‌ಫರ್ ಓದೋ ನಮಗೆ ಇದಕ್ಕಿಂತ ಒಳ್ಳೆ ಲ್ಯಾಬ್ ಬೇಕಾ? ಎಣ್ಣೆ ಸುಮಾರು 170ರಿಂದ 180 ಡಿಗ್ರಿ ಇರುತ್ತೆ. ತಿಂಡಿಯೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತೆ. ನಾವು ನೋಡೋ ಗುಳ್ಳೆ ಆ ಆವಿಯೇ. ಆವಿ ಹೊರಗೆ ಬರ್ತಿರೋವರೆಗೂ ಎಣ್ಣೆ ಒಳಗೆ ಹೋಗೋದು ಕಷ್ಟ. ಒಂದೇ ಸಲ ಹತ್ತಾರು ಹಾಕಿದರೆ ಎಣ್ಣೆ ತಣ್ಣಗಾಗಿ, ಹೊರಗಿನ ಪದರ ತಡವಾಗಿ ಗಟ್ಟಿಯಾಗಿ, ತಿಂಡಿ ಎಣ್ಣೆ ಕುಡಿಯುತ್ತೆ. ಹೊರಗೆ ತೆಗೆದ ಮೇಲೂ, ತಣ್ಣಗಾಗುವಾಗ ಮೈಮೇಲಿನ ಎಣ್ಣೆ ಒಳಗೆ ಸೆಳೆದುಕೊಳ್ಳುತ್ತೆ. ಅದಕ್ಕೇ ಜಾಲರಿ ಸೌಟಲ್ಲಿ ತಕ್ಷಣ ಜಾಡಿಸಬೇಕು. ನಮ್ಮ ಅವ್ವಂದಿರು ಚಿಟಿಕೆ ಹಿಟ್ಟು ಬಿಟ್ಟು, ಅದು ಮೇಲೆ ಬರೋದನ್ನು ನೋಡಿ ಉರಿ ತಗ್ಗಿಸ್ತಾರಲ್ಲ, ಅದು ಥರ್ಮಾಮೀಟರ್ ಇಲ್ಲದ ಅಳತೆ.

ಆ ಅಳತೆ ನಮಗೆ ಬಂದಿಲ್ಲ ಅನ್ನೋದೇ ಈ ಬರಹದ ಸಂಕಟ. ದೀಪಾವಳಿ ಕಜ್ಜಾಯಕ್ಕೆ ಅಕ್ಕಿ ನೆನೆಹಾಕೋದು, ಪಸೆ ಇರುವಾಗಲೇ ಕುಟ್ಟೋದು, ಬೆಲ್ಲದ ಪಾಕ ತೆಗೆಯೋದು, ಹೊಗೆಯಲ್ಲಿ ಕೂತು ಬೇಯಿಸೋದು, ಎಲ್ಲಾ ಹೆಂಗಸರ ಪಾಲು. ಗಂಡುಮಕ್ಕಳು ತಟ್ಟೆ ಹಿಡಿದು ಬರೋದು ಕೊನೆಗೆ. ಹೆಣ್ಣುಮಕ್ಕಳಾದ ನಮ್ಮನ್ನೂ ಈಗ ‘ಓದ್ಕೋ ಹೋಗವ್ವ’ ಅಂತ ಪ್ರೀತಿಯಿಂದಲೇ ಕಳಿಸ್ತಾರೆ. ಅವ್ವನ ಮಂಡಿ ನೋವು ಜಾಸ್ತಿಯಾದ ವರ್ಷ ಅಂಗಡಿಯಿಂದ ಕೆ.ಜಿ. ಲೆಕ್ಕದಲ್ಲಿ ಬರುತ್ತೆ. ಪಾಕದ ಹದ ಎಲ್ಲೂ ಬರೆದಿಟ್ಟಿಲ್ಲ, ಅದು ಇರೋದು ಅವ್ವನ ಕೈಯಲ್ಲಿ. ಆ ಕೈ ಸೋತರೆ ಹದವೂ ಹೋಯ್ತು.

‘ಹಂಗಾದ್ರೆ ನೇರ ಕಜ್ಜಾಯವನ್ನೇ ಕಲೀಬಹುದಲ್ಲ, ಇಟಲಿ ಯಾಕೆ?’ ಕಲೀಲೇಬೇಕು. ಆದರೆ ಪಾಕ ತಪ್ಪಿದರೆ ಎಣ್ಣೆಯಲ್ಲಿ ಕಜ್ಜಾಯ ಒಡೆದು ಹರಡಿಹೋಗುತ್ತೆ. ಹೊಸಬರಿಗೆ ಹಬ್ಬದ ದಿನ ಆ ಬಾಣಲೆ ಯಾರೂ ಬಿಟ್ಟುಕೊಡಲ್ಲ. ಪನೆಲ್ಲೆ ಹಾಗಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ತಿಂಡಿ, ‘ನಿಂಗೆ ಬರಲ್ಲ ಬಿಡು’ ಅನ್ನೋರು ಯಾರೂ ಇಲ್ಲ. ಅದು ಫಸ್ಟ್ ಸೆಮ್, ಕಜ್ಜಾಯ ಫೈನಲ್ ಇಯರ್ ಪ್ರಾಜೆಕ್ಟ್.

ಕರಿದದ್ದು ಆರೋಗ್ಯಕ್ಕೆ ಒಳ್ಳೇದಲ್ಲ ಅನ್ನೋ ಮಾತನ್ನು ನಾವು ತಳ್ಳಿಹಾಕಲ್ಲ. ಇದು ದಿನಾ ತಿನ್ನೋದಲ್ಲ. ಆದರೆ ವಾರಕ್ಕೆ ಮೂರು ಸಲ ಹೊರಗೆ ಕರಿದದ್ದು ತಿನ್ನೋ ನಮಗೆ ಆ ಎಣ್ಣೆ ಎಷ್ಟು ಸಲ ಕಾದಿದೆ ಅಂತ ಗೊತ್ತಾ? ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ. 25 ದಾಟಿದ ಎಣ್ಣೆ ಬಳಸಬಾರದು ಅನ್ನೋ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಮನೆ ಬಾಣಲೆಯ ಎಣ್ಣೆ ವಯಸ್ಸು ಮಾತ್ರ ನಮಗೆ ಖಚಿತವಾಗಿ ಗೊತ್ತಿರುತ್ತೆ.

ಒಂದೆರಡು ಎಚ್ಚರ. ಹಾಸ್ಟೆಲ್ ರೂಮಲ್ಲಿ ಈ ಸಾಹಸ ಬೇಡವೇ ಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಒಲೆ ಆರಿಸಿ ಬಾಣಲೆಗೆ ಮುಚ್ಚಳ ಮುಚ್ಚಬೇಕು. ಮೊದಲ ಸಲ ಅವ್ವನೋ ಅಜ್ಜಿಯೋ ಪಕ್ಕದಲ್ಲಿರಲಿ. ಆದರೆ ಆವತ್ತು ಅವರು ಕುರ್ಚಿ ಮೇಲೆ ಕೂತು ಹೇಳಲಿ, ಸೌಟು ನಮ್ಮ ಕೈಲಿರಲಿ. ಮೊದಲ ತಟ್ಟೆ ಅವರಿಗೆ ಕೊಡೋಣ, ಬಿಸಿ ಇರುವಾಗಲೇ.