‘ಮಣ್ಣಲ್ಲಿ ಕರಗುತ್ತೆ’ ಸರಿ, ಮಳೆಗಾಲದಲ್ಲಿ ಕಾಫಿಪುಡಿ ಕಾಯುತ್ತಾ?

1/6
ಕ್ಲಾಸ್‌ಮೇಟ್ಸ್‌ಗೆ, ಜೂನಿಯರ್ಸ್‌ಗೆ, ತೋಟದ ಹೆಸರಲ್ಲಿ ಕಾಫಿಪುಡಿ ಬ್ರ್ಯಾಂಡ್ ಶುರು ಮಾಡ್ತಿರೋ ಬೆಳೆಗಾರರ ಮಕ್ಕಳಿಗೆ ಈ ಸೀರೀಸ್. ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಈಗ ಎಲ್ಲಿ ನೋಡಿದ್ರೂ ಕಂದು ಕವರ್, ಮೇಲೊಂದು ಹಸಿರು ಎಲೆ, ‘ಮಣ್ಣಲ್ಲಿ ಕರಗುತ್ತೆ’ ಅನ್ನೋ ಸಾಲು. ಇತ್ತೀಚೆಗೆ ‘ನ್ಯಾನೋ’ ಅನ್ನೋ ಪದವೂ ಸೇರಿದೆ. ನನ್ನ ವಾದ ಇಷ್ಟೇ: ಮೂಡಿಗೆರೆ, ಕಳಸದ ಮಳೆಗಾಲದಲ್ಲಿ ಪುಡಿಯನ್ನ ತಿಂಗಳುಗಟ್ಟಲೆ ಒಣದಾಗಿ ಇಡೋಕೆ ಒಂದೇ ಪದರದ ಈ ಕವರ್ ಸಾಲದು. ಸಾಕು ಅನ್ನೋರು ನಂಬರ್ ತೋರಿಸಲಿ. ತೋರಿಸದಿದ್ರೆ ತಗೋಬೇಡಿ.

2/6
ಕಣದಲ್ಲಿ ನಾವು ಇಷ್ಟೊಂದು ಒದ್ದಾಡೋದು ಯಾಕೆ? ಪಾರ್ಚ್‌ಮೆಂಟ್ ತೇವಾಂಶ ಶೇ. 10ಕ್ಕೆ ಇಳೀಬೇಕು, ಅರೇಬಿಕಾ ಚೆರಿ ಶೇ. 12ಕ್ಕೆ. ಹುರಿದ ಮೇಲೆ ಬೀಜದಲ್ಲಿ ಉಳಿಯೋದು ಶೇ. 2-3 ಅಷ್ಟೇ. ಅಷ್ಟು ಒಣಗಿದ ಪುಡಿ ಸಿಕ್ಕ ತೇವನೆಲ್ಲ ಎಳ್ಕೊಳ್ಳುತ್ತೆ. ಚಿಕೋರಿ ಬೆರೆಸಿದ್ರಂತೂ ಕೇಳೋದೇ ಬೇಡ, ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ಗಟ್ಟಿ ಉಂಡೆ.

ಮಳೆಗಾಲದ ಗಾಳಿಗೆ ಎಷ್ಟು ಶಕ್ತಿ ಅಂತ ಕಾಫಿಯವರಿಗೆ ಹೇಳಿಕೊಡಬೇಕಾ? ಕರಾವಳಿಯಲ್ಲಿ ವಾರಗಟ್ಟಲೆ ಇದೇ ಗಾಳಿಗೆ ಹಸಿ ಬೀಜ ಒಡ್ಡಿ, ಅದು ಊದಿ, ಹುಳಿ ಕಮ್ಮಿಯಾದ ಮೇಲೆ ‘ಮಾನ್ಸೂನ್ಡ್ ಮಲಬಾರ್’ ಅಂತ ಮಾರ್ತಾರೆ. ಅಲ್ಲಿ ಬೇಕು ಅಂತಲೇ ಮಾಡೋದು. ನಿಮ್ಮ ಪ್ಯಾಕೆಟ್ ಒಳಗೆ ಬೇಡದೇ ಆಗುತ್ತೆ.

3/6
ಈಗ ಲೆಕ್ಕ. ಒಂದು ಚದರ ಮೀಟರ್ ಹಾಳೆ ಮೂಲಕ ಒಂದು ದಿನಕ್ಕೆ ಎಷ್ಟು ಗ್ರಾಂ ನೀರಾವಿ ದಾಟುತ್ತೆ ಅನ್ನೋದೇ ತೇವ ತಡೆಯೋ ಅಳತೆ. 38 ಡಿಗ್ರಿ, ಶೇ. 90 ಆರ್ದ್ರತೆಯಲ್ಲಿ 25 ಮೈಕ್ರಾನ್ ಪಾಲಿಥಿನ್ ಹಾಳೆ ಸುಮಾರು 15-20 ಗ್ರಾಂ ಬಿಡುತ್ತೆ. ಜೋಳದ ಸಕ್ಕರೆಯಿಂದ ಮಾಡೋ ಪಿಎಲ್‌ಎ ಸುಮಾರು 200-300 ಗ್ರಾಂ. ಹತ್ತು ಪಟ್ಟಿಗೂ ಜಾಸ್ತಿ, ಮಾರಾಯ್ರೇ!

ಕಾಲು ಕೆ.ಜಿ. ಪ್ಯಾಕೆಟ್‌ನ ಎರಡೂ ಬದಿ ಸೇರಿ ಸುಮಾರು 0.05 ಚದರ ಮೀಟರ್. ಹಾಳೆ 50 ಮೈಕ್ರಾನ್ ದಪ್ಪ, ನಮ್ಮೂರಿನ ಜುಲೈ ತಂಪು ಅಂತ ಹಿಡಿದರೂ, ಬರೀ ಪಿಎಲ್‌ಎ ಕವರ್‌ನಲ್ಲಿ ಶುರುವಿಗೆ ದಿನಕ್ಕೆ ಹತ್ತಿರ ಹತ್ತಿರ 2 ಗ್ರಾಂ ನೀರು ಒಳಗೆ ಹೋಗುತ್ತೆ. 250 ಗ್ರಾಂ ಪುಡಿಗೆ ಅದು ಹೆಚ್ಚುಕಮ್ಮಿ ಶೇ. 1. ಒಂದು ವಾರದಲ್ಲಿ ಘಮ ಎಲ್ಲಿ ಹೋಯ್ತು ಅಂತ ಹುಡುಕಬೇಡಿ.

4/6
‘ಅದಕ್ಕೇ ನ್ಯಾನೋ ಜೇಡಿಮಣ್ಣು ಹಾಕಿದ್ದೀವಿ’ ಅಂತಾರೆ. ನ್ಯಾನೋ ಜೇಡಿ ಸುಳ್ಳಲ್ಲ. ಟೊಯೋಟಾದ ಪ್ರಯೋಗಾಲಯ 1980ರ ದಶಕದಲ್ಲೇ ಅದನ್ನ ನೈಲಾನ್‌ಗೆ ಬೆರೆಸಿತ್ತು. ಈ ಜೇಡಿಯ ಪದರಗಳು ಸುಮಾರು ಒಂದು ನ್ಯಾನೋಮೀಟರ್ ದಪ್ಪ, ಅದರ ನೂರು ಪಟ್ಟು ಅಗಲ. ನೇರ ದಾಟ್ತಿದ್ದ ನೀರಾವಿ ಈಗ ಚಾರ್ಮಾಡಿ ಘಾಟಿ ಥರ ಸುತ್ತಿ ಬಳಸಿ ಬರಬೇಕು. ದಾರಿ ಉದ್ದ ಆಯ್ತು, ತೇವ ನಿಧಾನ ಆಯ್ತು.

ಆದ್ರೆ ಎಷ್ಟು ನಿಧಾನ? ತೂಕದಲ್ಲಿ ಶೇ. 5 ಜೇಡಿ ಚೆನ್ನಾಗಿ ಬಿಡಿಬಿಡಿಯಾಗಿ ಹರಡಿದ್ರೆ ಹೆಚ್ಚುಕಮ್ಮಿ ಅರ್ಧ. 2 ಗ್ರಾಂ ಇದ್ದದ್ದು 1 ಗ್ರಾಂ. ಅಷ್ಟಾದ್ರೂ ಪಾಲಿಥಿನ್‌ಗಿಂತ ಎಷ್ಟೋ ಹಿಂದೆ. ಇನ್ನು ಜೇಡಿಗೆ ನೀರು ಅಂದ್ರೆ ಸ್ವಂತಕ್ಕೇ ಪ್ರೀತಿ. ಸರಿಯಾಗಿ ಸಂಸ್ಕರಿಸದೆ ಬೆರೆಸಿದ್ರೆ ಗಂಟು ಕಟ್ಟುತ್ತೆ, ಲಾಭ ಸೊನ್ನೆ. ‘ನ್ಯಾನೋ’ ಅಂತ ಪ್ರಿಂಟ್ ಮಾಡೋದು ಸುಲಭ, ಹರಡೋದು ಕಷ್ಟ.

5/6
ಸರ್ಟಿಫಿಕೇಟ್ ಇದೆ ಅಂತೀರಾ? ಕಾಂಪೋಸ್ಟಬಲ್ ಪ್ಲಾಸ್ಟಿಕ್‌ಗೆ ಐಎಸ್ 17088 ಮಾನದಂಡ ಇದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಅದು ಹೇಳೋದು ಕಾಂಪೋಸ್ಟ್ ಘಟಕದಲ್ಲಿ ಕವರ್ ಏನಾಗುತ್ತೆ ಅಂತ. ಪುಡಿ ಒಣಗಿರುತ್ತಾ ಅಂತಲ್ಲ.

ಕರಗೋ ಕಥೆನೂ ಪೂರ್ತಿ ಹೇಳಲ್ಲ. ಪಿಎಲ್‌ಎ ಬೇಗ ಕರಗೋಕೆ 58-60 ಡಿಗ್ರಿ ಶಾಖ ದಿನಗಟ್ಟಲೆ ಬೇಕು. ಚರಂಡಿಗೋ ಹೇಮಾವತಿ, ಭದ್ರಾ ನದಿಗೋ ಬಿದ್ದ ಕವರ್‌ಗೆ ಆ ಶಾಖ ಕೊಡೋರು ಯಾರು? ನಿಮ್ಮ ಪಂಚಾಯ್ತಿ ಕಸದ ಗಾಡಿ ಅದನ್ನ ಎಲ್ಲಿಗೆ ಒಯ್ಯುತ್ತೆ, ಕೇಳಿ ನೋಡಿ.

ನಾನು ಹಳೇ ಪ್ಲಾಸ್ಟಿಕ್ ಪರ ವಕೀಲ ಅಲ್ಲ. ಅಲ್ಯೂಮಿನಿಯಂ ಪದರದ ಪ್ಯಾಕೆಟ್ ತೇವ ಚೆನ್ನಾಗಿ ತಡೆಯುತ್ತೆ, ಆದ್ರೆ ಮರುಬಳಕೆ ಮಾಡೋದು ಭಾರೀ ಕಷ್ಟ. 2016ರಲ್ಲಿ ಕರ್ನಾಟಕ, 2022ರ ಜುಲೈ 1ರಿಂದ ಇಡೀ ದೇಶ ಕೆಲವು ಪ್ಲಾಸ್ಟಿಕ್ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಆದ್ರೆ ಕೆಟ್ಟ ಪರ್ಯಾಯ ಮಾರಿದ್ರೆ ಜನ ‘ಪರಿಸರದ್ದೆಲ್ಲ ಇಷ್ಟೇ’ ಅಂತ ಹಳೇದಕ್ಕೇ ವಾಪಸ್ ಹೋಗ್ತಾರೆ. ನಷ್ಟ ಆಗೋದು ಕವರ್ ಮಾರಿದವರಿಗಲ್ಲ. ಪುಡಿ ವಾಪಸ್ ಬಂದ ಎರಡೆಕರೆ ಬೆಳೆಗಾರರಿಗೆ.

6/6
ಹಾಗಾದ್ರೆ ಎಂತ ಮಾಡೋದು?

ಊರಲ್ಲೇ ವಾರದೊಳಗೆ ಖಾಲಿಯಾಗೋ ಪುಡಿಗೆ ಹೈಟೆಕ್ ಕವರ್ ಯಾಕೆ? ಕಾಫಿ ವರ್ಕ್ಸ್‌ಗೆ ಮನೆ ಡಬ್ಬಿ ಒಯ್ದು ತುಂಬಿಸ್ಕೊಳ್ಳಿ. ದೂರಕ್ಕೆ ಕೊರಿಯರ್ ಹೋಗೋದಕ್ಕೆ ಬಲವಾದ ತಡೆ ಬೇಕೇ ಬೇಕು. ಲೋಹದ ತೆಳು ಲೇಪ ಇರೋ ಸೆಲ್ಯುಲೋಸ್ ಪದರದ ಕಾಂಪೋಸ್ಟಬಲ್ ಪೌಚ್‌ಗಳಿವೆ, ಅದಕ್ಕೂ ನಂಬರ್ ಕೇಳಿಯೇ ಕೊಳ್ಳಿ. ಕರಗೋ ಪ್ಲಾಸ್ಟಿಕ್‌ಗೆ ಸರಿಯಾದ ಜಾಗ ನರ್ಸರಿ ಚೀಲ. ಅಲ್ಲಿ ನೀರಾವಿ ತಡೆಯೋ ಕೆಲಸನೇ ಇಲ್ಲ. ಗಿಡ ನೆಡುವಾಗ ಹರಿದು ತೋಟದಲ್ಲೇ ಬಿಡೋ ಚೀಲಗಳ ಬದಲು ಮಣ್ಣಿನ ತಾಪದಲ್ಲೇ ಕರಗೋದು ಬರಲಿ.

ಪ್ರಾಜೆಕ್ಟ್ ಹುಡುಕ್ತಿರೋರೇ, ಇಗೋ ನಿಮಗೆ: ನಾಲ್ಕು ಥರ ಕವರ್, ಒಂದೇ ಪುಡಿ, ಚೆನ್ನಾಗಿ ಸೀಲ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲೇಜು ಲ್ಯಾಬ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ಏರಿದ ತೂಕವೇ ಒಳಗೆ ಹೋದ ನೀರು. ಬಾಳೆಹೊನ್ನೂರಲ್ಲಿ 1925ರಿಂದ ಕಾಫಿ ಸಂಶೋಧನೆ ನಡೀತಿದೆ. ಇಂಥ ಪರೀಕ್ಷೆ ದೊಡ್ಡದಾಗಿ ಮಾಡಿ, ಫಲಿತಾಂಶ ಕನ್ನಡದಲ್ಲಿ ಕೊಡಿ ಅಂತ ಅಲ್ಲಿಗೂ ಬರೆಯೋಣ.

ಕವರ್ ಮಾರೋಕೆ ಬಂದವರಿಗೆ ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಗ್ರಾಂ, ಎಷ್ಟು ಡಿಗ್ರಿಯಲ್ಲಿ, ಎಷ್ಟು ಆರ್ದ್ರತೆಯಲ್ಲಿ?

ಸೇವ್ ಮಾಡ್ಕೊಳ್ಳಿ, ಬ್ರ್ಯಾಂಡ್ ಶುರು ಮಾಡ್ತಿರೋ ಫ್ರೆಂಡ್‌ಗೆ ಕಳಿಸಿ. ಒಪ್ಪದವರು ಕಾಮೆಂಟ್‌ಗೆ ಬನ್ನಿ, ನಂಬರ್ ಸಮೇತ.

#ಕಾಫಿನಾಡು #ಮೂಡಿಗೆರೆ #ಕಳಸ #ನಂಬರ್‌ಕೇಳಿ