ತಲೆಸುತ್ತಿಗೆ ಕತ್ತಲೆ ಕೋಣೆ ಮದ್ದಲ್ಲ

ಒಳಕಿವಿಯ ನರಕ್ಕೆ ಏಟು ಬಿದ್ದು ತಲೆ ಸುತ್ತುವವರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ವಾರಗಟ್ಟಲೆ ಅಲುಗಾಡದಂತೆ ಮಲಗಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೂ ಇದು ನಿಲ್ಲಬೇಕು. ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಈ ಮಾತನ್ನು ಬರೀ ಅನುಭವದಿಂದ ಹೇಳುತ್ತಿಲ್ಲ. ಕೋತಿ, ಬೆಕ್ಕು, ಮೊಲಗಳ ಮೇಲೆ ದಶಕಗಳ ಹಿಂದೆ ನಡೆದ ಪ್ರಯೋಗಗಳು ಇದನ್ನೇ ಸಾರುತ್ತವೆ.

ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದು, ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ಓದಿ. ಅಕ್ಷರ ಕದಲುವುದಿಲ್ಲ. ಇನ್ನು ತಲೆ ನಿಲ್ಲಿಸಿ ಪತ್ರಿಕೆಯನ್ನು ಅಷ್ಟೇ ವೇಗದಲ್ಲಿ ಆಡಿಸಿ, ಸಾಲುಗಳು ಕಲಸಿಹೋಗುತ್ತವೆ. ತಲೆ ಬಲಕ್ಕೆ ಹೊರಳಿದ್ದು ಒಳಕಿವಿಗೆ ತಿಳಿದು, ಮೂರೇ ನರಕೋಶಗಳ ಸರಪಳಿಯ ಮೂಲಕ ಕಣ್ಣುಗುಡ್ಡೆ ಅಷ್ಟೇ ಎಡಕ್ಕೆ ಹೊರಳುತ್ತದೆ. ಇದಕ್ಕೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಬರೀ ನೋಟವನ್ನು ನಂಬಿ ಕಣ್ಣು ಹೊರಳಬೇಕಾದರೆ ಅದರ ಸುಮಾರು ಹತ್ತು ಪಟ್ಟು ಹೊತ್ತು ಹಿಡಿಯುತ್ತದೆ.

ಇಷ್ಟು ಚುರುಕಾದ ಪ್ರತಿವರ್ತನೆಯನ್ನೂ ಪಳಗಿಸಬಹುದು ಎಂಬುದು ನನಗೆ ಇವತ್ತಿಗೂ ಬೆರಗು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಫ್ರೆಡರಿಕ್ ಮೈಲ್ಸ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಕೋತಿಗಳಿಗೆ ಎಲ್ಲವನ್ನೂ ಎರಡು ಪಟ್ಟು ದೊಡ್ಡದಾಗಿ ತೋರಿಸುವ ಕನ್ನಡಕ ತೊಡಿಸಿದರು. ಆಗ ತಲೆ 10 ಡಿಗ್ರಿ ತಿರುಗಿದರೆ ಕಣ್ಣು 20 ಡಿಗ್ರಿ ಹೊರಳಬೇಕು, ಇಲ್ಲದಿದ್ದರೆ ನೋಟ ಜಾರುತ್ತದೆ. ಕೆಲವೇ ದಿನಗಳಲ್ಲಿ ಆ ಕಣ್ಣುಗಳ ಹೊರಳಾಟ ಒಂದೂವರೆ ಪಟ್ಟಿಗೂ ಹೆಚ್ಚಾಯಿತು. ಏನೂ ಕಾಣದ ಗಾಢ ಕತ್ತಲಲ್ಲಿ ಪರೀಕ್ಷಿಸಿದಾಗಲೂ ಹಾಗೆಯೇ ಹೊರಳಿದವು. ಚಿಕ್ಕದಾಗಿ ತೋರಿಸುವ ಕನ್ನಡಕ ಹಾಕಿದರೆ ಹೊರಳಾಟ ಕುಗ್ಗಿತು. ಈ ಪಾಠಕ್ಕೆ ಕಿರುಮೆದುಳು ಬೇಕೇ ಬೇಕು ಎಂದು ಟೋಕಿಯೊದ ಮಸಾವೊ ಇಟೊ ಮೊಲಗಳನ್ನು ಅಭ್ಯಸಿಸಿ ವಾದಿಸಿದರು. ಬಾಲ್ಟಿಮೋರಿನ ಡೇವಿಡ್ ರಾಬಿನ್ಸನ್ 1976ರಲ್ಲಿ ಬೆಕ್ಕುಗಳ ಕಿರುಮೆದುಳಿನ ಒಂದು ಭಾಗ ತೆಗೆದಾಗ, ಅವು ಹೊಸದಾಗಿ ಕಲಿಯುವ ಶಕ್ತಿಯನ್ನೇ ಕಳೆದುಕೊಂಡವು.

ನನ್ನ ವಾದ ನಿಂತಿರುವುದು ಮುಂದಿನ ಪ್ರಯೋಗದ ಮೇಲೆ. 1988ರಲ್ಲಿ ಫೆಟರ್ ಮತ್ತು ಜೀ ಎಂಬ ವೈದ್ಯರು, ಒಂದು ಬದಿಯ ಒಳಕಿವಿ ಕಳೆದುಕೊಂಡ ಕೋತಿಗಳಲ್ಲಿ ಕೆಲವನ್ನು ಮೊದಲ ನಾಲ್ಕು ದಿನ ಕತ್ತಲಲ್ಲಿ ಇಟ್ಟರು. ಬೆಳಕಿಗೆ ತರುವವರೆಗೂ ಅವುಗಳ ಈ ಪ್ರತಿವರ್ತನೆ ಚೇತರಿಸಿಕೊಳ್ಳಲಿಲ್ಲ. ತಲೆ ಆಡಬೇಕು, ನೋಟ ಜಾರಬೇಕು, ಜಾರಿದ್ದು ಮೆದುಳಿಗೆ ಗೊತ್ತಾಗಬೇಕು. ಆಗಲೇ ಅದು ತಿದ್ದಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಈ ಮೂರೂ ಇಲ್ಲ.

ನನ್ನಲ್ಲಿಗೆ ಬಂದ ಬಸ್ ಕಂಡಕ್ಟರ್ ಒಬ್ಬರು ಆರು ವಾರ ಹಾಗೆ ಮಲಗಿದ್ದವರು. “ಮೇಡಮ್ಮಾರ, ನಡಕೋತ ಹೋದ್ರ ಅಂಗಡಿ ಬೋರ್ಡಿನ ಅಕ್ಷರ ಎಲ್ಲಾ ಕುಣೀತಾವ್ರಿ” ಎಂದರು. ನನ್ನ ಮೂಗನ್ನೇ ನೋಡಲು ಹೇಳಿ ಅವರ ತಲೆಯನ್ನು ಪಟ್ಟನೆ ತುಸು ಬಲಕ್ಕೆ ತಿರುಗಿಸಿದೆ, ನೋಟ ಮೂಗಿನಿಂದ ಕದಲಲಿಲ್ಲ. ಎಡಕ್ಕೆ ತಿರುಗಿಸಿದಾಗ ಕಣ್ಣು ತಲೆಯ ಜೊತೆಗೇ ಜಾರಿ, ಮರುಕ್ಷಣ ಜಿಗಿದು ಮೂಗಿಗೆ ಮರಳಿತು. ಎಡಗಿವಿಯ ನರ ಸೋತಿತ್ತು.

ಹಳೆಯ ಟಿಕೆಟ್ ಒಂದನ್ನು ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ, ಅದರ ಅಂಕಿಗಳ ಮೇಲೆ ನೋಟ ಇಟ್ಟು ತಲೆ ಆಡಿಸಲು ಹೇಳಿಕೊಟ್ಟೆ. ಅಂಕಿ ಮಸುಕಾಗುವ ಅಂಚಿನವರೆಗೂ ವೇಗ ಹೆಚ್ಚಿಸಬೇಕು. ದಿನಕ್ಕೆ ಮೂರು ಸಲ, ಎಲ್ಲ ಸೇರಿ ಹನ್ನೆರಡು ನಿಮಿಷ. ಮೊದಮೊದಲು ಅವರಿಗೆ ಹೊಟ್ಟೆ ತೊಳೆಸುತ್ತಿತ್ತು. “ಭಾಳ ಸಂಕಟ ಪಡ್ತಾರ್ರಿ, ಬಿಡಸ್ರಿ” ಎಂದು ಅವರ ಹೆಂಡತಿ ಅಂಗಲಾಚಿದರು. ಆ ತಾಯಿಯ ಕಳವಳ ನನಗೆ ಅರ್ಥವಾಗುತ್ತಿತ್ತು. ಆದರೆ ಹದ ಮೀರದಂತೆ ಆ ಸಂಕಟವನ್ನು ದಾಟಿಯೇ ಹೋಗಬೇಕು. ಒಂದೆರಡು ತಿಂಗಳಲ್ಲಿ ಅವರು ಡ್ಯೂಟಿಗೆ ಮರಳಿದರು. ಪಟ್ಟನೆ ಎಡಕ್ಕೆ ತಿರುಗಿದರೆ ಅವರ ಕಣ್ಣು ಈಗಲೂ ಒಂದಿಷ್ಟು ಜಾರುತ್ತದೆ; ನರ ಪೂರ್ತಿ ಸರಿಹೋಗಿಲ್ಲ, ಅದರ ಕೊರತೆ ತುಂಬಿಕೊಳ್ಳುವುದನ್ನು ಮೆದುಳು ಕಲಿತಿದೆ.

ತಲೆಸುತ್ತನ್ನು ಅದುಮುವ ಗುಳಿಗೆಗಳು ಮೊದಲ ಎರಡು ಮೂರು ದಿನ ಬೇಕು. ಅವನ್ನೇ ತಿಂಗಳುಗಟ್ಟಲೆ ನುಂಗಿದರೆ ಚೇತರಿಕೆ ನಿಧಾನವಾಗುತ್ತದೆ. ಆದ್ದರಿಂದ ಎಂದಿನವರೆಗೆ ಎಂದು ವೈದ್ಯರನ್ನು ಕೇಳಿ; ನೀವೇ ನಿಲ್ಲಿಸಬೇಡಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡಾಗಿ ಕಂಡರೆ, ಕೈಕಾಲಿನ ಶಕ್ತಿ ಉಡುಗಿದರೆ ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು. ಮಗ್ಗುಲು ಬದಲಿಸಿದಾಗ ಮಾತ್ರ ಕೆಲವು ಕ್ಷಣ ಬಂದುಹೋಗುವ ಸುತ್ತಿಗೆ ಚಿಕಿತ್ಸೆಯೇ ಬೇರೆ.

ಆ ಕೋತಿಗಳ ಕಿವಿಯನ್ನು ಬೇಕೆಂದೇ ಕೆಡಿಸಲಾಗಿತ್ತು. ಅದನ್ನು ನೆನೆದರೆ ನನಗೆ ನೋವಾಗುತ್ತದೆ. ಅಷ್ಟು ಬೆಲೆ ತೆತ್ತು ಪಡೆದ ತಿಳಿವಳಿಕೆ ಪುಸ್ತಕದಲ್ಲೇ ಉಳಿದು, ನನ್ನ ಬಳಿ ಬರುವವರು ಇನ್ನೂ ಕತ್ತಲೆ ಕೋಣೆಯಿಂದಲೇ ಎದ್ದು ಬರುತ್ತಿದ್ದಾರೆ ಎಂಬುದನ್ನು ನಾನು ಒಪ್ಪಲಾರೆ. ಲಂಡನ್ನಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು 1940ರ ದಶಕದಲ್ಲೇ ಇಂಥ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ತಲೆ, ಕಣ್ಣುಗಳ ವ್ಯಾಯಾಮ ಮಾಡಿಸುತ್ತಿದ್ದರು. ಇದಕ್ಕೆ ಯಂತ್ರ ಬೇಡ, ದೊಡ್ಡ ಖರ್ಚೂ ಇಲ್ಲ. ಮಂಡಿನೋವಿಗೆ ಫಿಸಿಯೋಥೆರಪಿಗೆ ಚೀಟಿ ಬರೆದುಕೊಡುವ ಹಾಗೆ, ಒಳಕಿವಿಯ ತಲೆಸುತ್ತಿಗೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ವಾರದಲ್ಲೇ ಚೀಟಿ ಬರೆಯಲಿ.